ಮೋಟಾರಿನಲ್ಲಿ ಗಾನಯಂತ್ರ

ಪ್ರಯಾಣಕ್ಕೂ ಗಾನಕ್ಕೂ ಇರುವ ನಂಟು ಹಳೆಯದು. ಎತ್ತಿನ ಗಾಡಿಯ ಕಾಲದಲ್ಲಿ ಕೊರಳಗಂಟೆಯೇ ತಾಳವಾಗಿ, ಗಾಡಿ ಹೊಡೆಯುವವನು ತನಗೆ ತಿಳಿದ ಪದವೊಂದನ್ನು ಹಾಡಿಕೊಳ್ಳುತ್ತಿದ್ದನು. ಒಳಗೆ ಕುಳಿತವರು ಅದನ್ನು ಕೇಳುತ್ತ ತೂಕಡಿಸುತ್ತಿದ್ದರು. ಮೋಟಾರು ಬಂದ ಮೇಲೆ ಹಾದಿಯು ಕಿರಿದಾಯಿತು, ಸದ್ದು ಹಿರಿದಾಯಿತು. ಹಾಡುವ ಕೆಲಸವು ಮನುಷ್ಯನಿಂದ ಯಂತ್ರಕ್ಕೆ ಹೋಯಿತು. ಈ ಯಂತ್ರವನ್ನು ಅಂಗಡಿಯಿಂದ ಕೊಂಡು ತರುವುದು ಎಲ್ಲರೂ ಬಲ್ಲ ಸಂಗತಿ. ಅದನ್ನು ಮನೆಯಲ್ಲಿಯೇ ಕೂಡಿಸಬಹುದೆಂಬುದೂ, ಹಾಗೆ ಕೂಡಿಸುವವನು ಕಲಿಯಬೇಕಾದ ಪಾಠವು ಸಂಗೀತಕ್ಕಿಂತ ಹೆಚ್ಚಾಗಿ ವಿದ್ಯುಚ್ಛಕ್ತಿಗೆ ಸೇರಿದ್ದೆಂಬುದೂ ನಮಗೆ ಈಚೆಗೆ ಅನುಭವದಿಂದ ತಿಳಿದುಬಂದವು. ಆ ಅನುಭವದಲ್ಲಿ ನಮ್ಮ ತಪ್ಪುಗಳ ಪಾಲೇ ದೊಡ್ಡದು. ಒಂದು ತಪ್ಪಂತೂ ಮನೆಮಂದಿಯ ಪ್ರಾಣಕ್ಕೇ ಎರವಾಗುವುದರಲ್ಲಿತ್ತು. ಇಂತಹ ಕೆಲಸಕ್ಕೆ ಕೈಹಾಕುವ ಗೃಹಸ್ಥರಿಗೆ ಉಪಯೋಗವಾದೀತೆಂಬ ಭಾವನೆಯಿಂದ ಇದನ್ನು ಬರೆಯುತ್ತಿದ್ದೇವೆ.

ನಮ್ಮ ಸೋದರಮಾವನವರು ಗಮಕಿಗಳಾಗಿದ್ದರು. ೧೯೮೭ನೆಯ ಇಸವಿಯ ಚಾತುರ್ಮಾಸ್ಯದಲ್ಲಿ ಅವರು ಮೈಸೂರಿನ ನಮ್ಮ ಮನೆಯಲ್ಲಿ ಕುಮಾರವ್ಯಾಸನ ಭಾರತವನ್ನು ವಾಚನಮಾಡಿದಾಗ, ಅದನ್ನು ದಿನದಿನವೂ ಕ್ಯಾಸೆಟ್ಟುಗಳಲ್ಲಿ ಹಿಡಿದಿಟ್ಟಿದ್ದೆವು. ಒಂದೊಂದು ಘಂಟೆಯ ನಲವತ್ತೆರಡು ಕ್ಯಾಸೆಟ್ಟುಗಳಾದುವು. ಅವರು ತೀರಿಕೊಂಡು ಬಹುಕಾಲವಾಯಿತು. ನಮ್ಮ ತಾಯಿಯವರು ದೂರದ ಊರಿಗೆ ಹೊರಡುವಾಗಲೆಲ್ಲ ತಿಂಡಿಯ ಡಬ್ಬಿಯೊಡನೆ ಕ್ಯಾಸೆಟ್ಟುಗಳ ಡಬ್ಬಿಯನ್ನೂ ತೆಗೆದುಕೊಳ್ಳುವುದು ವಾಡಿಕೆಯಾಗಿತ್ತು. ಹಳೆಯ ಕಾರು ಹೋಗಿ ಹೊಸದು ಬಂದಾಗ, ಅದರಲ್ಲಿ ಕ್ಯಾಸೆಟ್ಟು ಹಾಕುವ ಬಾಯಿಯೇ ಇರಲಿಲ್ಲ. ತಾಯಿಯವರು ಎಲ್ಲವನ್ನೂ ನೋಡಿ, “ಹಾಗಾದರೆ ಅಣ್ಣಯ್ಯ ಈ ಕಾರು ಹತ್ತುವುದಿಲ್ಲವೇನೋ?” ಎಂದಷ್ಟೇ ಕೇಳಿದರು.

ಕ್ಯಾಸೆಟ್ಟುಗಳನ್ನು ಗಣಕಯಂತ್ರಕ್ಕೆ ಇಳಿಸಿ, ಪೆನ್‌ಡ್ರೈವಿಗೆ ತುಂಬಿ ಕಾರಿಗೆ ಚುಚ್ಚಿದರಾಯಿತಲ್ಲ ಎಂದು ವಾಚಕರು ಕೇಳಬಹುದು. ನಾವೂ ಮೊದಲು ಅದನ್ನೇ ಮಾಡಿದೆವು. ಆದರೆ ಗಮಕವೆಂಬುದು ಮೂರು ನಿಮಿಷದ ಚಿತ್ರಗೀತೆಯಲ್ಲ. ನಮ್ಮ ಕಾರಿನಲ್ಲಿದ್ದ ಸಿದ್ಧಯಂತ್ರಕ್ಕೆ ನಿನ್ನೆ ಎಲ್ಲಿಗೆ ನಿಲ್ಲಿಸಿದೆವೆಂಬ ನೆನಪೇ ಇರುತ್ತಿರಲಿಲ್ಲ. ಕಾರನ್ನು ನಿಲ್ಲಿಸಿ ಕಾಫಿ ಕುಡಿದು ಬರುವುದರೊಳಗೆ ಕರ್ಣಪರ್ವವು ಮತ್ತೆ ಆದಿಪರ್ವವಾಗಿರುತ್ತಿತ್ತು. ಅದರ ಗಾಜಿನ ಮೇಲಿನ ಸಣ್ಣ ಅಕ್ಷರಗಳು ಎಂಬತ್ತು ದಾಟಿದ ಕಣ್ಣಿಗೆ ಕಾಣುತ್ತಲೂ ಇರಲಿಲ್ಲ. ತಾಯಿಯವರಿಗೆ ಬೇಕಾದುದು ಕೈಗೆ ಸಿಗುವ ಒಂದು ದೊಡ್ಡ ಗುಂಡಿ, ಮತ್ತು ಬಿಟ್ಟ ಕಡೆಯಿಂದಲೇ ಮುಂದುವರಿಯುವ ಮಾವನವರ ದನಿ. ಆದುದರಿಂದ ನಾವೇ ಒಂದನ್ನು ಕಟ್ಟಲು ಹೊರಟೆವು.

ನಮ್ಮ ಕಥೆಗೆ ಮೊದಲು, ಮೋಟಾರಿಗೆ ಗಾನವನ್ನು ತಂದವರ ಕಥೆಯನ್ನು ಸಂಕ್ಷೇಪವಾಗಿ ಹೇಳುವುದು ಯುಕ್ತ. ಏಕೆಂದರೆ ಅವರು ಪಟ್ಟ ಪಾಡನ್ನೇ ನಾವೂ ಪಡಬೇಕಾಯಿತು. ಅಮೆರಿಕದ ಷಿಕಾಗೋ ನಗರದಲ್ಲಿ ಪಾಲ್ ಗಾಲ್ವಿನ್ ಎಂಬುವರು ತಮ್ಮ ಸಹೋದರ ಜೋಸೆಫರೊಡನೆ ೧೯೨೮ರಲ್ಲಿ ಒಂದು ಚಿಕ್ಕ ಕಾರಖಾನೆಯನ್ನು ತೆರೆದರು. ೧೯೩೦ರಲ್ಲಿ ಅವರು ಮೋಟಾರಿಗಾಗಿಯೇ ಒಂದು ರೇಡಿಯೊವನ್ನು ಸಿದ್ಧಪಡಿಸಿ, ಅದನ್ನು ತಮ್ಮ ಸ್ಟುಡ್‌ಬೇಕರ್ ಕಾರಿನಲ್ಲಿ ಕೂಡಿಸಿಕೊಂಡು, ರೇಡಿಯೊ ತಯಾರಕರ ಸಮ್ಮೇಳನವು ನಡೆಯುತ್ತಿದ್ದ ಅಟ್ಲಾಂಟಿಕ್ ಸಿಟಿಗೆ ಹೋದರು. ಒಳಗೆ ಅವರಿಗೆ ಮಳಿಗೆಯಿರಲಿಲ್ಲ. ಹೊರಗೆ ಕಾರನ್ನು ನಿಲ್ಲಿಸಿ, ರೇಡಿಯೊವನ್ನು ಗಟ್ಟಿಯಾಗಿ ಹಾಡಿಸಿ, ಹಾದುಹೋಗುವ ವರ್ತಕರ ಗಮನವನ್ನು ಸೆಳೆದರು. ಮೋಟೊರೋಲಾ ಎಂಬ ಹೆಸರು ಹುಟ್ಟಿದುದು ಈ ಯಂತ್ರದೊಡನೆಯೇ. ಅದರ ಬೆಲೆ ನೂರ ಹತ್ತು ಡಾಲರಿಗೆ ಕಡಮೆಯಿರಲಿಲ್ಲ. ಐನೂರು ಡಾಲರಿನ ಆಸುಪಾಸಿಗೆ ಫೋರ್ಡ್ ಕಾರೇ ಸಿಗುತ್ತಿದ್ದ ದಿನಗಳವು.

ಅವರಿಗೆ ಎದುರಾದ ತೊಡಕುಗಳು ಎರಡು. ಆ ಕಾಲದ ರೇಡಿಯೊದ ಗಾಜಿನ ಕೊಳವೆಗಳಿಗೆ ನೂರಕ್ಕೂ ಹೆಚ್ಚು ವೋಲ್ಟಿನ ಒತ್ತಡ ಬೇಕಾಗಿತ್ತು. ಕಾರಿನ ಬ್ಯಾಟರಿ ಕೊಡುತ್ತಿದ್ದುದು ಬರಿಯ ಆರು ವೋಲ್ಟು. ಆದುದರಿಂದ ಬೇರೆ ಬ್ಯಾಟರಿಗಳನ್ನು ಹೊತ್ತು ತಿರುಗಬೇಕಾಗಿತ್ತು. ಎರಡನೆಯದು, ಇಂಜಿನಿನ ಸ್ಪಾರ್ಕ್ ಪ್ಲಗ್ಗುಗಳಲ್ಲಿ ಹಾರುವ ಪ್ರತಿಯೊಂದು ಕಿಡಿಯೂ ಒಂದು ಸಣ್ಣ ರೇಡಿಯೊ ನಿಲಯದಂತೆ ವರ್ತಿಸಿ, ಹಾಡಿನ ಮೇಲೆ ಪಟಪಟ ಸದ್ದನ್ನು ಸುರಿಯುತ್ತಿತ್ತು. ರೇಡಿಯೊವನ್ನು ಹಾಡಿಸುವುದಕ್ಕಿಂತ ಇಂಜಿನನ್ನು ಸುಮ್ಮನಿರಿಸುವುದೇ ಕಷ್ಟವಾಯಿತು.

ಮುಂದೆ ಬಂದವರ ಕಥೆಯೂ ಇದೇ. ೧೯೫೬ರ ಮಾದರಿಯ ಕ್ರೈಸ್ಲರ್ ಕಾರುಗಳಲ್ಲಿ, ನಿಮಿಷಕ್ಕೆ ಹದಿನಾರು ಪೂರ್ಣಾಂಕ ಮೂರರಲ್ಲಿ ಎರಡು ಸುತ್ತು ತಿರುಗುವ ಗ್ರಾಮೊಫೋನನ್ನೇ ಇರಿಸಿ ನೋಡಿದರು. ಮುಳ್ಳು ಹಾರದಿರಲೆಂದು ತಟ್ಟೆಯ ಮೇಲೆ ಭಾರವನ್ನು ಹೆಚ್ಚಿಸಿದರೆ ತಟ್ಟೆ ಸವೆಯುತ್ತಿತ್ತು. ಸಿಗುವ ತಟ್ಟೆಗಳೂ ಕೆಲವೇ. ಆ ಪ್ರಯೋಗವು ಬಹುದಿನ ಬಾಳಲಿಲ್ಲ. ೧೯೬೫ರಲ್ಲಿ ವಿಲಿಯಂ ಲಿಯರ್ ಎಂಬುವರ ಎಂಟು ಪಥಗಳ ಟೇಪಿನ ಪೆಟ್ಟಿಗೆಯು ಫೋರ್ಡ್ ಕಾರುಗಳಿಗೆ ಬಂದಿತು. ೧೯೬೩ರಲ್ಲಿ ಫಿಲಿಪ್ಸ್ ಸಂಸ್ಥೆಯವರು ಹೊರತಂದ ಕ್ಯಾಸೆಟ್ಟು ಕೆಲವು ವರ್ಷಗಳಲ್ಲಿಯೇ ಮೋಟಾರಿಗೂ ಏರಿತು. ೧೯೮೪ರ ವೇಳೆಗೆ ಸಿ.ಡಿ.ಯೂ ಬಂದಿತು. ಮುಳ್ಳು ಹೋಗಿ ಟೇಪು, ಟೇಪು ಹೋಗಿ ಬೆಳಕಿನ ಕಿರಣ ಬಂದರೂ, ಹಾದಿಯ ಕುಲುಕು, ಬಿಸಿಲಿನ ಕಾವು, ಬ್ಯಾಟರಿಯ ಏರಿಳಿತ ಎಂಬ ಮೂವರು ಶತ್ರುಗಳು ಮಾತ್ರ ಬದಲಾಗಲಿಲ್ಲ.

ಮೋಟಾರಿನ ಗಾನಕ್ಕೆ ನಿಜವಾದ ಗಣಕಯಂತ್ರವನ್ನು ತಂದವರಲ್ಲಿ ಇಂಗ್ಲೆಂಡಿನ ಕೇಂಬ್ರಿಡ್ಜಿನ ಎಂಪೆಗ್ ಎಂಬ ಚಿಕ್ಕ ಸಂಸ್ಥೆಯವರನ್ನು ಸ್ಮರಿಸಬೇಕು. ೧೯೯೯ರಲ್ಲಿ ಅವರು ಮಾರಾಟಕ್ಕೆ ತಂದ ಯಂತ್ರವು ರೇಡಿಯೊ ಕೂರುವ ಸ್ಥಳದಲ್ಲಿಯೇ ಕೂರುತ್ತಿತ್ತು; ಒಳಗೆ ಲಿನಕ್ಸ್ ಎಂಬ ಕಾರ್ಯವ್ಯವಸ್ಥೆ, ಲ್ಯಾಪ್‌ಟಾಪಿನಲ್ಲಿರುವಂತಹ ಹಾರ್ಡ್ ಡಿಸ್ಕು. ಹಿಡಿಯನ್ನು ಹಿಡಿದು ಎಳೆದರೆ ಯಂತ್ರವೇ ಹೊರಕ್ಕೆ ಬರುತ್ತಿತ್ತು. ಮನೆಗೆ ಒಯ್ದು ಹಾಡು ತುಂಬಿ ಮತ್ತೆ ಸೇರಿಸಬಹುದಾಗಿತ್ತು. ಕುಲುಕಾಟದಲ್ಲಿ ಡಿಸ್ಕು ಕೆಡದಿರಲೆಂದು, ಮುಂದಿನ ಹಾಡುಗಳನ್ನು ಮೊದಲೇ ಸ್ಮೃತಿಗೆ ತುಂಬಿಕೊಂಡು ಡಿಸ್ಕನ್ನು ನಿಲ್ಲಿಸಿಬಿಡುವ ಉಪಾಯವನ್ನು ಮಾಡಿದ್ದರು. ಆ ಸಂಸ್ಥೆ ಬೇರೆಯವರ ಕೈಸೇರಿ, ೨೦೦೧ರಲ್ಲಿ ಯಂತ್ರದ ತಯಾರಿಕೆ ನಿಂತುಹೋಯಿತು. ಅದೇ ವರ್ಷ, ಹದಿನೇಳು ಸೆಂಟಿಮೀಟರಿನ ಚೌಕದಲ್ಲಿ ಇಡೀ ಗಣಕವನ್ನು ಅಡಗಿಸುವ ಮಿನಿ-ಐಟಿಎಕ್ಸ್ ಬೋರ್ಡು ತೈವಾನಿನ ವಿಯಾ ಸಂಸ್ಥೆಯಿಂದ ಬಂದಿತು. ಹವ್ಯಾಸಿಗಳು ಅದನ್ನು ಕಾರಿನ ಆಸನದ ಕೆಳಗೆ ಇರಿಸತೊಡಗಿದರು. ೨೦೧೨ನೆಯ ಫೆಬ್ರವರಿ ೨೯ರಂದು ಅದೇ ಕೇಂಬ್ರಿಡ್ಜಿನಿಂದ ರಾಸ್ಬೆರಿ ಪೈ ಎಂಬ, ಅಂಗೈಯಗಲದ ಗಣಕವು ಹೊರಬಿದ್ದಿತು. ಮಕ್ಕಳಿಗೆ ಗಣಕವಿದ್ಯೆ ಕಲಿಸಲೆಂದು ಮಾಡಿದ ಈ ಅಗ್ಗದ ಬೋರ್ಡೇ ನಮ್ಮ ಯಂತ್ರದ ಮೂಲ.

ನಾವು ಕೂಡಿಸಿದ ಸಾಮಾನುಗಳು ಇವು: ಗಣಕದ ಬೋರ್ಡು, ಅಂಕಿಗಳನ್ನು ನಾದವಾಗಿ ಮಾರ್ಪಡಿಸುವ ಮತ್ತೊಂದು ಚಿಕ್ಕ ಬೋರ್ಡು, ಹನ್ನೆರಡು ವೋಲ್ಟನ್ನು ಐದಕ್ಕೆ ಇಳಿಸುವ ಪರಿವರ್ತಕ, ನಾಲ್ಕು ಸ್ಪೀಕರುಗಳನ್ನು ನಡೆಸುವ ಆಂಪ್ಲಿಫಯರು, ಎರಡು ಸಾಲು ಕನ್ನಡವನ್ನು ದಪ್ಪಕ್ಷರದಲ್ಲಿ ತೋರಿಸುವ ಪುಟ್ಟ ಪರದೆ, ತಿರುಗಿಸಿದರೆ ಪರ್ವ ಬದಲಾಗುವ, ಒತ್ತಿದರೆ ವಾಚನ ನಿಲ್ಲುವ ಒಂದು ದೊಡ್ಡ ಗುಂಡಿ. ನಲವತ್ತೆರಡು ಘಂಟೆಯ ವಾಚನವನ್ನು ನಿಮಿಷಕ್ಕೆ ಒಂದು ಮೆಗಾಬೈಟಿನಂತೆ ಅಡಕಮಾಡಿದಾಗ ಸುಮಾರು ಎರಡೂವರೆ ಗಿಗಾಬೈಟು ಆಯಿತು. ನಲವತ್ತೆರಡು ಕ್ಯಾಸೆಟ್ಟುಗಳ ಭಾರತವು ಉಗುರಿನಷ್ಟು ಅಗಲದ ೩೨ ಗಿಗಾಬೈಟಿನ ಕಾರ್ಡಿನಲ್ಲಿ ಹನ್ನೆರಡನೆಯ ಒಂದು ಪಾಲನ್ನೂ ತುಂಬಲಿಲ್ಲ.

ಆಂಪ್ಲಿಫಯರನ್ನು ಕೊಳ್ಳುವಾಗ ವಾಚಕರು ಮೋಸಹೋಗದಿರಲೆಂದು ಒಂದು ಲೆಕ್ಕವನ್ನು ಹೇಳುತ್ತೇವೆ. ಡಬ್ಬಿಗಳ ಮೇಲೆ ‘ಐವತ್ತು ವಾಟು, ನಾಲ್ಕು ಸ್ಪೀಕರಿಗೆ’ ಎಂದು ಅಚ್ಚಾಗಿರುವುದುಂಟು. ಇಂಜಿನು ಓಡುತ್ತಿರುವಾಗ ಕಾರಿನ ವೋಲ್ಟು ೧೪.೪ ಎಂದಿಟ್ಟುಕೊಳ್ಳಿ. ಅದರ ವರ್ಗವನ್ನು ಸ್ಪೀಕರಿನ ನಾಲ್ಕು ಓಮಿನಿಂದ ಭಾಗಿಸಿದರೆ ಸುಮಾರು ೫೨ ಬರುತ್ತದೆ. ಡಬ್ಬಿಯ ಮೇಲಿನ ಐವತ್ತು ಹುಟ್ಟುವುದು ಇಲ್ಲಿಂದಲೇ. ಆದರೆ ಇದು ಕರ್ಕಶವಾದ ಚೌಕದ ಅಲೆಯ ಲೆಕ್ಕ. ನಿರ್ಮಲವಾದ ನಾದದ ಅಲೆಗೆ ಅದರ ಅರ್ಧ, ಎಂದರೆ ೨೬ ವಾಟೇ ಪರಮಾವಧಿ. ಯಂತ್ರದೊಳಗಿನ ನಷ್ಟವನ್ನು ಕಳೆದರೆ ಇಪ್ಪತ್ತರ ಆಸುಪಾಸು. ವೋಲ್ಟನ್ನು ಏರಿಸಿಕೊಳ್ಳುವ ದೊಡ್ಡ ಆಂಪ್ಲಿಫಯರುಗಳ ಮಾತು ಬೇರೆ. ಮನುಷ್ಯನ ದನಿಗೆ ಇಪ್ಪತ್ತು ವಾಟು ಧಾರಾಳವಾಗಿ ಸಾಕು.

ಇನ್ನು ನಮ್ಮ ತಪ್ಪುಗಳ ಪ್ರಕರಣ.

ಮೊದಲನೆಯದು, ಗಣಕಕ್ಕೆ ಸುಖಮರಣವನ್ನು ಕೊಡದೆ ಇದ್ದುದು. ರೇಡಿಯೊವನ್ನು ಯಾವ ಕ್ಷಣದಲ್ಲಿ ಆರಿಸಿದರೂ ಅದಕ್ಕೆ ಹಾನಿಯಿಲ್ಲ. ಗಣಕವು ಹಾಗಲ್ಲ; ಕಾರ್ಡಿನ ಮೇಲೆ ಅದು ಏನನ್ನೋ ಬರೆಯುತ್ತಿರುವಾಗ ವಿದ್ಯುತ್ತು ಹೋದರೆ ಬರೆಹವು ಅರ್ಧದಲ್ಲಿ ಹರಿದುಹೋಗುತ್ತದೆ. ನಾವೋ ಯಂತ್ರವನ್ನು ಕಾರಿನ ಕೀಲಿಯೊಡನೆ ಬರುವ ಹೋಗುವ ತಂತಿಗೆ ನೇರವಾಗಿ ಕಟ್ಟಿದ್ದೆವು. ಬಿಟ್ಟ ಸ್ಥಳವನ್ನು ನೆನಪಿಡಲೆಂದು ಗಣಕವು ಕಾರ್ಡಿನ ಮೇಲೆ ಆಗಾಗ ಬರೆಯುತ್ತಲೇ ಇದ್ದಿತು. ಮೂರನೆಯ ವಾರದಲ್ಲಿ ಕೀಲಿ ತಿರುಗಿಸಿದಾಗ ಪರದೆ ಬೆಳಗಲಿಲ್ಲ. ಕಾರ್ಡು ಕೆಟ್ಟಿತ್ತು. ಕ್ಯಾಸೆಟ್ಟುಗಳ ಪೈಕಿ ಮೂರರ ಟೇಪು, ಅವನ್ನು ಗಣಕಕ್ಕೆ ಇಳಿಸಿದ ಮರುದಿನಗಳಲ್ಲಿಯೇ ಬೂಷ್ಟು ಹಿಡಿದು ತುಂಡಾಗಿತ್ತು. ಎಂದರೆ ಆ ಮೂರು ಘಂಟೆಯ ದನಿಗೆ ಬೇರೆ ಆಧಾರವೇ ಇರಲಿಲ್ಲ. ನಮ್ಮ ಪುಣ್ಯಕ್ಕೆ ಮನೆಯ ಗಣಕದಲ್ಲಿ ಒಂದು ಪ್ರತಿ ಉಳಿದಿತ್ತು. ಅಂದಿನಿಂದ ಮೂರು ಪ್ರತಿಗಳನ್ನು ಮೂರು ಕಡೆ ಇಟ್ಟಿದ್ದೇವೆ. ಅವುಗಳಲ್ಲಿ ಒಂದು ತಂಗಿಯ ಮನೆಯಲ್ಲಿದೆ. ಮನೆಯಲ್ಲಿ ಹಿರಿಯರ ದನಿಯ ಕ್ಯಾಸೆಟ್ಟುಗಳಿರುವ ವಾಚಕರು ಯಂತ್ರವನ್ನು ಕಟ್ಟಲಿ ಬಿಡಲಿ, ಇದೊಂದನ್ನು ಮಾತ್ರ ಕೂಡಲೇ ಮಾಡತಕ್ಕದ್ದು.

ಕಾರ್ಡಿನ ಕೇಡಿಗೆ ಪರಿಹಾರವೆಂದು ಮಾಡಿದ್ದೇ ಎರಡನೆಯ ತಪ್ಪಾಯಿತು. ವಿದ್ಯುತ್ತು ಹೋಗಲೇಬಾರದೆಂದು ಯಂತ್ರವನ್ನು ಸದಾ ಜೀವವಿರುವ ತಂತಿಗೆ ಕಟ್ಟಿದೆವು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಯನ್ನು ಆಗ ಮರೆತೆವು. ಸುಮ್ಮನೆ ಕುಳಿತಾಗಲೂ ನಮ್ಮ ಯಂತ್ರವು ಅರ್ಧ ಆಂಪಿಯರನ್ನು ಕುಡಿಯುತ್ತಿತ್ತು. ನಮ್ಮ ಚಿಕ್ಕ ಕಾರಿನ ಬ್ಯಾಟರಿಯ ಸಾಮರ್ಥ್ಯ ೩೫ ಆಂಪಿಯರ್-ಘಂಟೆ. ಎಂದರೆ ಎಪ್ಪತ್ತು ಘಂಟೆಗಳಲ್ಲಿ ಅದು ಪೂರ್ತಿ ಬರಿದಾಗಬೇಕು. ಆದರೆ ಅರ್ಧ ಬರಿದಾದ ಬ್ಯಾಟರಿಗೇ ಇಂಜಿನನ್ನು ಎಬ್ಬಿಸುವ ಕಸುವು ಕುಂದುತ್ತದೆ. ಶನಿವಾರ ಸಂಜೆ ನಿಲ್ಲಿಸಿದ ಕಾರು ಸೋಮವಾರ ಬೆಳಿಗ್ಗೆ ಏಳಲಿಲ್ಲ. ಲೆಕ್ಕವು ಕಾಗದದ ಮೇಲೆ ಹೇಳಿದಂತೆಯೇ ನಡೆದಿತ್ತು. ನಾವು ಲೆಕ್ಕ ಮಾಡಿರಲಿಲ್ಲ, ಅಷ್ಟೆ.

ಸರಿಯಾದ ಮಾರ್ಗವು ಇವೆರಡರ ನಡುವಿನದು. ಯಂತ್ರಕ್ಕೆ ಎರಡು ತಂತಿಗಳನ್ನೂ ಕೊಡಬೇಕು. ಸದಾ ಜೀವವಿರುವ ತಂತಿಯಿಂದ ಅದು ಉಣ್ಣಬೇಕು. ಕೀಲಿಯ ತಂತಿಯಿಂದ ಸುದ್ದಿಯನ್ನು ಮಾತ್ರ ತಿಳಿಯಬೇಕು. ಕೀಲಿ ತೆಗೆದೊಡನೆ ಗಣಕವು ಆ ಸುದ್ದಿಯನ್ನು ಅರಿತು, ಬಿಟ್ಟ ಸ್ಥಳವನ್ನು ಬರೆದಿಟ್ಟು, ತನ್ನ ಕೆಲಸಗಳನ್ನು ಮುಗಿಸಿ ಮಲಗುತ್ತದೆ. ಒಂದು ನಿಮಿಷದ ತರುವಾಯ ರಿಲೇ ಎಂಬ ವಿದ್ಯುತ್ ಕೀಲಿಯು ಉಣಿಸನ್ನು ಪೂರ್ತಿಯಾಗಿ ಕಡಿಯುತ್ತದೆ. ಇದಕ್ಕಾಗಿಯೇ ಮಾಡಿದ ಸಿದ್ಧ ಪರಿವರ್ತಕಗಳು ದೊರೆಯುತ್ತವೆ. ಅವುಗಳಲ್ಲಿಯೂ ಆರು ವೋಲ್ಟಿನವರೆಗೆ ಇಳಿದರೂ ಕೆಲಸ ನಿಲ್ಲಿಸದಂತಹದನ್ನು ಆರಿಸಬೇಕು. ಏಕೆಂದರೆ ಇಂಜಿನನ್ನು ಎಬ್ಬಿಸುವ ಕ್ಷಣದಲ್ಲಿ ಹನ್ನೆರಡು ವೋಲ್ಟಿನ ಬ್ಯಾಟರಿಯು ಒಂಬತ್ತಕ್ಕೋ ಅದಕ್ಕೂ ಕೆಳಕ್ಕೋ ಕುಸಿಯುವುದುಂಟು. ಇದಕ್ಕೆ ವಿರುದ್ಧವಾಗಿ, ಇಂಜಿನು ಓಡುತ್ತಿರುವಾಗ ಬ್ಯಾಟರಿಯ ಸಂಬಂಧವು ತಪ್ಪಿದರೆ ಹತ್ತಾರು ವೋಲ್ಟಿನ ಏರು ಅಲೆಯೊಂದು ತಂತಿಗಳಲ್ಲಿ ಹರಿಯುತ್ತದೆ. ಅದನ್ನು ತಡೆಯುವ ಬಲವೂ ಪರಿವರ್ತಕಕ್ಕೆ ಇರಬೇಕು.

ಮೂರನೆಯ ತಪ್ಪನ್ನು ನೆನೆದರೆ ಇಂದಿಗೂ ಮೈ ನಡುಗುತ್ತದೆ. ಆಂಪ್ಲಿಫಯರಿಗೆಂದು ಬ್ಯಾಟರಿಯಿಂದಲೇ ಒಂದು ದಪ್ಪ ತಂತಿಯನ್ನು, ಇಂಜಿನಿಗೂ ಕುಳಿತುಕೊಳ್ಳುವ ಭಾಗಕ್ಕೂ ನಡುವಣ ಉಕ್ಕಿನ ಗೋಡೆಯ ರಂಧ್ರದೊಳಗಿಂದ ಎಳೆದು ತಂದಿದ್ದೆವು. ಫ್ಯೂಸನ್ನು ಹಾಕಿದ್ದೆವು, ಆದರೆ ಆಂಪ್ಲಿಫಯರಿನ ಪಕ್ಕದಲ್ಲಿ, ನೋಡಲು ಸುಲಭವಾಗಲೆಂದು. ರಂಧ್ರದ ಅಂಚಿಗೆ ರಬ್ಬರಿನ ಬಳೆಯನ್ನು ತೊಡಿಸಿರಲಿಲ್ಲ. ಶೃಂಗೇರಿಗೆಂದು ಹೊರಟು, ಹಾಸನವನ್ನು ದಾಟಿ ಬೇಲೂರಿನ ಹಾದಿಯಲ್ಲಿ ಹೋಗುತ್ತಿರುವಾಗ, ಗುಂಡಿ ಬಿದ್ದ ಕಡೆಯಲ್ಲೆಲ್ಲ ಮಾವನವರ ದನಿಯು ಕಡಿದು ಕಡಿದು ಬರತೊಡಗಿತು. ಹಿಂದೆ ತಾಯಿಯವರೂ ಇಬ್ಬರು ಮೊಮ್ಮಕ್ಕಳೂ ಕುಳಿತಿದ್ದರು. “ಏನೋ ಕಮಟು ವಾಸನೆ ಬರುತ್ತಿದೆಯಲ್ಲೋ” ಎಂದು ತಾಯಿಯವರು ಎಂದಾಗಲೇ ನಮಗೆ ಎಚ್ಚರವಾದುದು. ಕಾರನ್ನು ನಿಲ್ಲಿಸಿ, ಎಲ್ಲರನ್ನೂ ದೂರಕ್ಕೆ ಕಳುಹಿಸಿ, ಬಾನೆಟ್ಟನ್ನು ಎತ್ತಿದಾಗ ಹೊಗೆಯು ಎದ್ದಿತು. ಬ್ಯಾಟರಿಯ ತಂತಿಯನ್ನು ಕಳಚಿದ ಮೇಲೆ ನೋಡುತ್ತೇವೆ — ಉಕ್ಕಿನ ಅಂಚು ವಾರಗಟ್ಟಲೆ ಉಜ್ಜಿ ಉಜ್ಜಿ ತಂತಿಯ ಹೊದಿಕೆಯನ್ನು ಕೊಯ್ದಿತ್ತು; ಒಳಗಿನ ತಾಮ್ರವು ಕಾರಿನ ಮೈಗೆ ಆಗಾಗ ತಾಗಿ ಕಿಡಿಯಾಡುತ್ತಿತ್ತು; ಗೇಣುದ್ದ ಹೊದಿಕೆ ಕರಿಕಾಗಿತ್ತು.

ಬೇಲೂರಿನಿಂದ ಕರೆಸಿದ ವೃದ್ಧ ಎಲೆಕ್ಟ್ರಿಶಿಯನರು ಒಂದು ಕ್ಷಣ ನೋಡಿ, “ಸ್ವಾಮೀ, ಫ್ಯೂಸು ಯಂತ್ರವನ್ನು ಕಾಯುವುದಕ್ಕಲ್ಲ, ತಂತಿಯನ್ನು ಕಾಯುವುದಕ್ಕೆ. ಕಳ್ಳ ನುಗ್ಗುವುದು ಮುಂಬಾಗಿಲಲ್ಲಿ, ನೀವು ಕಾವಲುಗಾರನನ್ನು ಹಿತ್ತಲಲ್ಲಿ ನಿಲ್ಲಿಸಿದ್ದೀರಿ” ಎಂದರು. ಇದಕ್ಕಿಂತ ಚೆನ್ನಾಗಿ ಯಾವ ಪುಸ್ತಕವೂ ಹೇಳಲಾರದು. ಮನೆಯ ವಿದ್ಯುತ್ತು ಮುಟ್ಟಿದರೆ ಹೊಡೆಯುತ್ತದೆ; ಕಾರಿನ ಹನ್ನೆರಡು ವೋಲ್ಟು ಕೈಗೆ ತಿಳಿಯುವುದೇ ಇಲ್ಲ. ಆದುದರಿಂದ ಅದು ಸಾಧುವೆಂದು ನಾವು ಭ್ರಮಿಸುತ್ತೇವೆ. ಅಡ್ಡದಾರಿ ಸಿಕ್ಕಿದಾಗ ಅದೇ ಬ್ಯಾಟರಿಯು ನೂರಾರು ಆಂಪಿಯರನ್ನು ಒಮ್ಮೆಗೇ ಕಕ್ಕಿ ತಂತಿಯನ್ನು ಕೆಂಡಮಾಡಬಲ್ಲದು. ಪಕ್ಕದಲ್ಲಿಯೇ ಪೆಟ್ರೋಲು ಹರಿಯುವ ಕೊಳವೆಯಿರುವುದನ್ನು ಯಾರೂ ಮರೆಯಬಾರದು. ಬ್ಯಾಟರಿಯಿಂದ ಹೊರಡುವ ಪ್ರತಿಯೊಂದು ತಂತಿಗೂ ಬ್ಯಾಟರಿಯ ಬಳಿಯಲ್ಲಿಯೇ, ಒಂದೂವರೆ ಅಡಿಯೊಳಗೆ, ತಂತಿಯ ದಪ್ಪಕ್ಕೆ ಒಪ್ಪುವ ಫ್ಯೂಸು ಇರಲೇಬೇಕು. ಉಕ್ಕನ್ನು ದಾಟುವ ಕಡೆ ರಬ್ಬರಿನ ಬಳೆಯಿರಲೇಬೇಕು. ಕೆಲಸ ಆರಂಭಿಸುವ ಮೊದಲು ಬ್ಯಾಟರಿಯ ಋಣ ತಂತಿಯನ್ನು ಕಳಚಲೇಬೇಕು. ಕಂಬಗಳ ಹೊದಿಕೆಯ ಹಿಂದೆಯೂ ಚುಕ್ಕಾಣಿಯ ಒಳಗೂ ಅಪಘಾತದಲ್ಲಿ ಉಬ್ಬುವ ಗಾಳಿಚೀಲಗಳಿರುತ್ತವೆ; ಹಳದಿ ಬಣ್ಣದ ಕೂಡುಗಳುಳ್ಳ ಅವುಗಳ ತಂತಿಗಳ ತಂಟೆಗೆ ಹವ್ಯಾಸಿಗಳು ಹೋಗಲೇಕೂಡದು. ತಮ್ಮ ಕೈಯಲ್ಲಿ ಇದಾಗದೆನ್ನುವವರು ಯಂತ್ರವನ್ನು ತಾವು ಕಟ್ಟಿ, ಬ್ಯಾಟರಿಯ ತಂತಿಯನ್ನು ಮಾತ್ರ ಬಲ್ಲವರಿಂದ ಎಳೆಸಲಿ. ಇದರಲ್ಲಿ ಮಾನಹಾನಿಯೇನೂ ಇಲ್ಲ.

ಉಳಿದ ತೊಂದರೆಗಳು ಚಿಕ್ಕವು. ಇಂಜಿನಿನ ವೇಗವೇರಿದಂತೆ ಶ್ರುತಿಯೇರುವ ಕೊರಗುಟ್ಟುವ ಸದ್ದೊಂದು ಸ್ಪೀಕರಿನಲ್ಲಿ ಕೇಳುತ್ತಿತ್ತು. ಗಣಕದ ನೆಲತಂತಿಯನ್ನು ಒಂದು ಕಡೆಗೂ ಆಂಪ್ಲಿಫಯರಿನದನ್ನು ಮತ್ತೊಂದು ಕಡೆಗೂ ಕಟ್ಟಿದ್ದುದೇ ಕಾರಣ. ಎರಡನ್ನೂ ಬಣ್ಣ ಕೆರೆದ ಒಂದೇ ಸ್ಥಳಕ್ಕೆ ಬಿಗಿದಾಗ ಅದು ಅಡಗಿತು. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನ ಒಳಗಡೆ ಹೊರಗಿಗಿಂತ ಇಪ್ಪತ್ತು ಡಿಗ್ರಿಯಷ್ಟು ಶಾಖವು ಒಂದು ಘಂಟೆಯೊಳಗೆ ಹೆಚ್ಚಬಹುದು. ಗಾಜಿನ ಕೆಳಗಿನ ಡ್ಯಾಶ್‌ಬೋರ್ಡು ಅದಕ್ಕಿಂತಲೂ ಕಾಯುತ್ತದೆ. ಆದುದರಿಂದ ಗಣಕವನ್ನು ಅಲ್ಲಿಂದ ತೆಗೆದು ಆಸನದ ಕೆಳಗೆ, ಗಾಳಿಯಾಡುವ ಪೆಟ್ಟಿಗೆಯಲ್ಲಿ ಇರಿಸಿದೆವು.

ಕೊನೆಯದಾಗಿ ಕಣ್ಣಿನ ಮಾತು. ಘಂಟೆಗೆ ಅರವತ್ತು ಕಿಲೋಮೀಟರು ವೇಗದ ಕಾರು ಎರಡು ಸೆಕೆಂಡಿನಲ್ಲಿ ಮೂವತ್ತಮೂರು ಮೀಟರು ಓಡುತ್ತದೆ. ಚಾಲಕನ ಕಣ್ಣು ಒಂದು ನೋಟಕ್ಕೆ ಎರಡು ಸೆಕೆಂಡಿಗಿಂತ ಹೆಚ್ಚು ಕಾಲ ಹಾದಿಯನ್ನು ಬಿಟ್ಟಿರಬಾರದೆಂದು ಅಮೆರಿಕದ ಹೆದ್ದಾರಿ ಸುರಕ್ಷತೆಯ ಅಧಿಕಾರಿಗಳು ೨೦೧೩ರಲ್ಲಿ ಯಂತ್ರ ತಯಾರಕರಿಗೆ ಸೂಚನೆಯಿತ್ತರು. ನಮಗೆ ಆ ಎರಡು ಸೆಕೆಂಡೂ ಹೆಚ್ಚೆಂದು ತೋರಿತು. ಪರದೆಯನ್ನೂ ಗುಂಡಿಯನ್ನೂ ಉದ್ದ ತಂತಿಯ ಮೂಲಕ ಹಿಂದಿನ ಆಸನಕ್ಕೆ, ತಾಯಿಯವರ ಕೈಗೆ ಒಯ್ದೆವು. ಯಂತ್ರದ ಯಜಮಾನಿಕೆ ಅವರದು. ಚುಕ್ಕಾಣಿ ಹಿಡಿದವನದು ಹಾದಿ ನೋಡುವ ಕೆಲಸ ಮಾತ್ರ.

ಎಲ್ಲವನ್ನೂ ಸರಿಪಡಿಸಿದ ಮೇಲೆ ಬಿಟ್ಟಿದ್ದ ಶೃಂಗೇರಿಯ ಪ್ರಯಾಣವನ್ನು ಮತ್ತೆ ಕೈಕೊಂಡೆವು. ಬೇಲೂರಿನಲ್ಲಿ ಆ ವೃದ್ಧರ ಅಂಗಡಿಯ ಮುಂದೆ ನಿಲ್ಲಿಸಿ ಬಾನೆಟ್ಟನ್ನು ಎತ್ತಿ ತೋರಿಸಿದೆವು. ಅವರು ಫ್ಯೂಸನ್ನು ಮುಟ್ಟಿ ನೋಡಿ, ಹಣವನ್ನು ಬೇಡವೆಂದು, ತಲೆಯಾಡಿಸಿದರು. ಮಲೆನಾಡಿನ ಕಾಡು ದಟ್ಟವಾದಂತೆ ಮೊಬೈಲಿನ ಸಂಪರ್ಕವೂ ರೇಡಿಯೊವೂ ಕಡಿದುಹೋದುವು. ಮಾವನವರ ವಾಚನ ಮಾತ್ರ, ಕಾಫಿಗೆ ನಿಲ್ಲಿಸಿದಾಗ ಬಿಟ್ಟಿದ್ದ ಪದ್ಯದ ನಡುವಿನಿಂದಲೇ ಮುಂದುವರಿಯಿತು. ಒಂದೆಡೆ ಅವರು ಕೆಮ್ಮಿ, “ನೀರು ಕೊಡಮ್ಮ” ಎಂದು ಕೇಳುವುದು ಆ ಕ್ಯಾಸೆಟ್ಟಿನಲ್ಲಿ ಉಳಿದುಕೊಂಡಿದೆ. ಇಳಿಸುವಾಗ ಅದನ್ನು ಅಳಿಸಿಬಿಡಬೇಕೆಂದು ನಾವು ಎಣಿಸಿದ್ದೆವು, ಮರೆತಿದ್ದೆವು. ಆ ಮಾತು ಬಂದಾಗ ತಾಯಿಯವರು ಗುಂಡಿಯನ್ನು ಒತ್ತಿ ವಾಚನವನ್ನು ನಿಲ್ಲಿಸಿದರು. ಸ್ವಲ್ಪ ಹೊತ್ತು ಕಿಟಕಿಯ ಹೊರಗೆ ನೋಡುತ್ತಿದ್ದು, ಮತ್ತೆ ಒತ್ತಿದರು. ವಾಚನವು ನಿಂತಲ್ಲಿಂದಲೇ ಸಾಗಿತು.